ಸತುವಿಲ್ಲದ ದಿನಗಳು

ನನ್ನ ಹೆಂಡತಿ ರತ್ನ ತೀರಿಕೊಂಡು ವರ್ಷ ತುಂಬಿದ ದಿನ, ತಿಥಿಗೆ ಬಂದಿದ್ದ ನೆಂಟರೆಲ್ಲ ಊಟಕ್ಕೆ ಕುಳಿತು ಮೊದಲ ತುತ್ತಿಗೇ ಕೈ ನಿಲ್ಲಿಸಿದರು. ಗಡಿಬಿಡಿಯಲ್ಲಿ ಸಾರಿಗೆ ಎರಡು ಸಲ ಉಪ್ಪು ಬಿದ್ದಿತ್ತು. ಒಬ್ಬರು ಕೆಮ್ಮಿದರು, ಒಬ್ಬರು ನೀರಿಗೆ ಕೈ ಚಾಚಿದರು. ನಾನು ಮಾತ್ರ ಕಲಸಿಕೊಂಡು ಉಣ್ಣುತ್ತಲೇ ಇದ್ದೆ.

ನಾಟ್ರಾಂಪಾಳ್ಯದಿಂದ ಬಂದಿದ್ದ ನನ್ನ ಅಕ್ಕ ಮಾದಮ್ಮ ಬಡಿಸುವುದನ್ನು ಬಿಟ್ಟು ನನ್ನ ಎದುರು ನಿಂತಳು.

"ನಂಜ, ಹೆಂಗ್ಲಾ ಉಣ್ತಿದ್ದೀಯ ಅದ್ನ? ಬಾಯಿಗೆ ಇಡಕ್ಕಾಗ್ತಿಲ್ಲ."

"ಚೆನ್ನಾಗೇ ಐತಲ್ಲ" ಎಂದೆ.

ವಯಸ್ಸಾದ ನಮ್ಮ ಚಿಕ್ಕಪ್ಪ ಅಕ್ಕನಿಗೆ ಮೆಲ್ಲಗೆ, "ಬುಡವ್ವ. ಅವನ ನಾಲಿಗೇನೂ ಅವಳ ಜೊತೇಲೇ ಹೋಗ್ಬುಟ್ಟದೆ" ಅಂದರು. ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಅವತ್ತು ಎಲ್ಲರೂ ನಂಬಿದ ಆ ಮಾತನ್ನು ಎಲ್ಲರಿಗಿಂತ ಹೆಚ್ಚಾಗಿ ನಂಬಿದವನು ನಾನು. ರುಚಿ ಹೋಗಿ ಆಗಲೇ ಕೆಲವು ತಿಂಗಳಾಗಿತ್ತು. ದುಃಖ ಎಂದರೆ ಹೀಗೇ ಇರುತ್ತದೆ ಎಂದುಕೊಂಡಿದ್ದೆ. ಅವಳಿಲ್ಲದ ಮೇಲೆ ಸಾರು ಸಪ್ಪೆಯಾಗುವುದು ನ್ಯಾಯವೇ ಅಲ್ಲವೆ? ರುಚಿಯಾಗಿದ್ದರೆ ತಾನೇ ತಪ್ಪು?

ಇದನ್ನು ಬರೆಯಲು ಕೂತದ್ದು ಈ ಒಂದು ಕಾರಣಕ್ಕೆ. ಎಲ್ಲೋ ಇನ್ನೊಬ್ಬ, ಒಬ್ಬನೇ ಕೂತು ಸಪ್ಪೆ ಊಟ ಮಾಡುತ್ತ, ಇದು ತನ್ನ ಪಾಲಿಗೆ ಬಂದದ್ದು ಎಂದು ಸುಮ್ಮನಿರಬಹುದು.

ನಾನು ಹುಟ್ಟಿದ್ದು ತಮಿಳು ಸೀಮೆಗೆ ಸೇರಿದ ಡೆಂಕಣಿಕೋಟೆಯ ಹತ್ತಿರದ ಹಳ್ಳಿಯಲ್ಲಿ, ಓದಿದ್ದು ಅಲ್ಲಿನ ಕನ್ನಡ ಶಾಲೆಯಲ್ಲಿ. ಕೆಲಸ ಹೊಸೂರಿನ ಒಂದು ಕಾರ್ಖಾನೆಯ ಸ್ಟೋರಿನಲ್ಲಿ. ನಟ್ಟು, ಬೋಲ್ಟು, ವಾಷರುಗಳನ್ನು ಎಣಿಸಿ ಕೊಡುವ ಕೆಲಸ. ಮನೆ ಜೂಜುವಾಡಿಯಲ್ಲಿ, ಹೆದ್ದಾರಿಯಿಂದ ಒಳಗೆ ಸಾಲುಮನೆಗಳಲ್ಲಿ ಕೊನೆಯದು. ನಮಗೆ ಮಕ್ಕಳಿಲ್ಲ. ಒಂದು ಬೆಳಿಗ್ಗೆ ನೀರು ಹಿಡಿಯಲು ಹೋದ ರತ್ನ ಕೊಳಾಯಿಯ ಬಳಿಯೇ ಕುಸಿದಳು. ಆಸ್ಪತ್ರೆಯ ಬಾಗಿಲು ತಲುಪುವಷ್ಟರಲ್ಲಿ ಮುಗಿದಿತ್ತು.

ಅಲ್ಲಿಯವರೆಗೆ ನಾನು ಒಲೆ ಹಚ್ಚಿದವನಲ್ಲ. ಆಮೇಲೆ ಹಚ್ಚಿದ್ದು ಅನ್ನಕ್ಕೆ ಮಾತ್ರ. ಬೆಳಿಗ್ಗೆ ರಾಜ್ಯದ ಗಡಿಯ ಹತ್ತಿರದ ಅಂಗಡಿಯಲ್ಲಿ ಟೀ, ಬನ್ನು. ರಾತ್ರಿ ಬಿಳಿ ಅನ್ನಕ್ಕೆ ಪ್ಯಾಕೆಟ್ ಮೊಸರು, ಉಪ್ಪಿನಕಾಯಿ. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮಧ್ಯಾಹ್ನದ ಊಟ ಇತ್ತು. ಆದರೆ ಪಕ್ಕದಲ್ಲಿ ಕೂತವರು ಮನೆಯ ಸುದ್ದಿ ಕೇಳುತ್ತಾರೆಂದು ಆ ಹೊತ್ತಿಗೆ ಸ್ಟೋರಿನಲ್ಲೇ ಉಳಿದು ಬಿಸ್ಕತ್ತು ತಿನ್ನುತ್ತಿದ್ದೆ. ಎದೆ ಉರಿಯತೊಡಗಿತು. ಔಷಧಿ ಅಂಗಡಿಯವನು ಗ್ಯಾಸಿನ ಮಾತ್ರೆ ಕೊಟ್ಟ. ಕೆಲವು ದಿನಕ್ಕೆಂದು ಕೊಟ್ಟದ್ದನ್ನು ನಾನು ವರ್ಷವಿಡೀ ನುಂಗಿದೆ. ಹೊಟ್ಟೆ ಆಗಾಗ ಕೆಟ್ಟು ಭೇದಿಯಾಗುತ್ತಿತ್ತು. ಪ್ಯಾಂಟು ಸೊಂಟದಿಂದ ಜಾರತೊಡಗಿದಾಗ ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಮಾಡಿಕೊಂಡೆ. ಯಾಕೆ ಇಳಿದೆ ಎಂದು ಕೇಳುವವರು ಮನೆಯಲ್ಲಿ ಇರಲಿಲ್ಲ.

ತಿಥಿ ಮುಗಿದ ಮೇಲೆ ಬಾಯಿಯ ಸುತ್ತ ಚರ್ಮ ಕೆಂಪಾಯಿತು. ಮೊದಲು ಕ್ಷೌರದ ಬ್ಲೇಡಿನದೆಂದುಕೊಂಡೆ. ಆಮೇಲೆ ತುಟಿಯ ಮೂಲೆಗಳು ಬಿರಿದವು, ಬೆರಳುಗಳ ಗೆಣ್ಣಿನಲ್ಲಿ ಹೊಪ್ಪಳೆ ಎದ್ದು ಸುಲಿಯಿತು. ಸ್ಟೋರಿನಲ್ಲಿ ಮರದ ಹಲಗೆ ತಗುಲಿ ಮೊಣಕಾಲಿನ ಕೆಳಗೆ ಆದ ಒಂದು ಗೀರು ಮಾಯಲೇ ಇಲ್ಲ. ತಲೆ ಬಾಚಿದರೆ ಬಾಚಣಿಗೆ ತುಂಬ ಕೂದಲು. ಒಂದು ದಿನ ಕನ್ನಡಿಯಲ್ಲಿ ನೋಡಿಕೊಂಡಾಗ ಹುಬ್ಬುಗಳೂ ಅರ್ಧ ಹೋಗಿದ್ದವು. ಯಾರದೋ ಮುಖ ನನ್ನ ಮನೆಯಲ್ಲಿ ವಾಸವಾಗಿರುವ ಹಾಗೆ ಕಂಡಿತು.

ಸ್ಟೋರಿನಲ್ಲಿ ನನ್ನ ಜೊತೆ ಕೆಲಸ ಮಾಡುವವನು ಸೆಲ್ವಂ. ಶೂಳಗಿರಿ ಕಡೆಯವನು, ಮನೆಮಾತು ತಮಿಳು, ನನ್ನೊಂದಿಗೆ ಕನ್ನಡ. ರತ್ನ ಹೋದಾಗ ಮೂರು ದಿನ ನನ್ನ ಮನೆಯಲ್ಲೇ ಇದ್ದವನು. ಅವನು ಟೀ ತರುವಾಗ ತನಗೆ ಗಾಜಿನ ಲೋಟ, ನನಗೆ ಕಾಗದದ ಕಪ್ಪು ತರತೊಡಗಿದ. ಬೋಲ್ಟಿನ ಡಬ್ಬಿಗಳನ್ನು ನನ್ನ ಕೈಯಿಂದ ತೆಗೆದುಕೊಳ್ಳುತ್ತಿದ್ದ ಹುಡುಗಿಯರು "ಅಣ್ಣಾ, ಅಲ್ಲೇ ಇಡಿ, ತಗೋತೀವಿ" ಎನ್ನತೊಡಗಿದರು. ಒಂದು ಮಧ್ಯಾಹ್ನ ಸೂಪರ್‌ವೈಸರ್ ನನ್ನನ್ನು ಪಕ್ಕಕ್ಕೆ ಕರೆದರು. ಒಳ್ಳೆಯ ಮನುಷ್ಯ. ನೆಲ ನೋಡುತ್ತಲೇ ಮಾತನಾಡಿದರು.

"ನಂಜುಂಡಪ್ಪ, ತಪ್ಪು ತಿಳ್ಕೋಬೇಡಿ. ಲೈನಲ್ಲಿ ಎಲ್ಲರೂ ಒಂಥರಾ ಮಾತಾಡ್ತಾರೆ. ಅದು ಆ ದೊಡ್ಡ ರೋಗ ಇರಬೌದು ಅಂತ. ನೀವು ಲೀವ್ ತಗೊಂಡು ಸ್ಕಿನ್ ಡಾಕ್ಟರ್ ಹತ್ರ ತೋರ್ಸಿ. ಅಂಟಲ್ಲ ಅಂತ ಬರೆಸ್ಕೊಂಡು ಬನ್ನಿ. ಆಮೇಲೆ ನೋಡೋಣ."

'ಆಮೇಲೆ ನೋಡೋಣ' ಎಂಬುದನ್ನು ಮನೆಗೆ ನಡೆಯುತ್ತ ಬಹಳ ಸಲ ತಿರುಗಿಸಿ ನೋಡಿದೆ. ನನಗೆ ಉಳಿದಿದ್ದದ್ದು ಆ ಕೆಲಸ ಒಂದೇ. ದಿನಕ್ಕೆ ಯಾರಾದರೂ ನನ್ನ ಹೆಸರು ಹಿಡಿದು ಕರೆಯುತ್ತಿದ್ದದ್ದು ಅಲ್ಲಿ ಮಾತ್ರ.

ಹತ್ತಿರದ ಕ್ಲಿನಿಕ್ಕಿನಲ್ಲಿ ಮುಲಾಮು ಕೊಟ್ಟರು. ಸಕ್ಕರೆ ಇರಬಹುದೆಂದು ರಕ್ತ ನೋಡಿದರು, ಇರಲಿಲ್ಲ. ಬೇರೆ ಮುಲಾಮು ಕೊಟ್ಟರು. ಮುಲಾಮು ಹಚ್ಚಿಕೊಂಡು ಬಾಗಿಲು ಮುಚ್ಚಿ ಕೂತರೆ ಹೆದ್ದಾರಿಯಲ್ಲಿ ಗಡಿ ದಾಟುವ ಲಾರಿಗಳ ಸದ್ದು. ಅಕ್ಕ ಫೋನು ಮಾಡುತ್ತಿದ್ದಳು. ಅವಳ ಊರಿನಲ್ಲಿ ಸಿಗ್ನಲ್ ಸಿಗಬೇಕಾದರೆ ಹೊಲದ ಮೇಲಿನ ದಿಬ್ಬಕ್ಕೆ ಹತ್ತಬೇಕು. ಅವಳು ಅಲ್ಲಿಯವರೆಗೆ ಹತ್ತಿ ಮಾಡಿದ ಫೋನನ್ನು ನಾನು ಎತ್ತುತ್ತಿರಲಿಲ್ಲ. ಎತ್ತಿ ಏನು ಹೇಳುವುದು? ಹುಬ್ಬು ಉದುರಿದೆ ಎಂದೇ? ಕುಷ್ಠ ಎಂಬ ಪದವನ್ನು ನಾನು ಮನಸ್ಸಿನಲ್ಲಿಯೂ ಪೂರ್ತಿ ಉಚ್ಚರಿಸಿರಲಿಲ್ಲ. ಹೆದರಿಕೆಯ ಅಡಿಯಲ್ಲಿ ಇನ್ನೊಂದು ಯೋಚನೆಯೂ ಇತ್ತು. ಹೋಗಲಿ, ಹೀಗೇ ಸವೆದು ಮುಗಿದರೆ ಯಾರಿಗೂ ತೊಂದರೆಯಿಲ್ಲ ಎಂದು. ಆ ಯೋಚನೆಯಲ್ಲಿ ದುಃಖವೇ ಇರಲಿಲ್ಲ ಎಂಬುದು ಈಗ ನೆನೆದರೆ ಭಯವಾಗುತ್ತದೆ.

ಕೃಷ್ಣಗಿರಿಯ ದೊಡ್ಡ ಆಸ್ಪತ್ರೆಗೆ ಹೋದದ್ದು ವಾಸಿಯಾಗಲೆಂದಲ್ಲ, 'ಅಂಟಲ್ಲ' ಎಂಬ ಆ ಒಂದು ಮಾತಿಗಾಗಿ. ಬೆಳಿಗ್ಗೆ ಹೊರಟು ಬಸ್ಸಿನಲ್ಲಿ ಕೊನೆಯ ಸೀಟಿನಲ್ಲಿ, ಮುಖಕ್ಕೆ ಟವೆಲ್ಲು ಸುತ್ತಿಕೊಂಡು ಕೂತೆ. ಟೋಕನ್ ಕೊಡುವ ನರ್ಸು ತಲೆಯೆತ್ತದೆ ಕೇಳಿದಳು.

"ಕೂಡ ಯಾರು ವಂದಿರ್ಕಾಂಗ?"

ಜೊತೆಗೆ ಯಾರು ಬಂದಿದ್ದಾರೆ ಎಂದು. "ಯಾರೂ ಇಲ್ಲ" ಎಂದೆ, ಕನ್ನಡದಲ್ಲಿ. ಮೂವತ್ತು ವರ್ಷ ತಮಿಳಿನಲ್ಲಿ ವ್ಯವಹಾರ ಮಾಡಿದವನಿಗೆ ಆ ಎರಡು ಪದ ತಮಿಳಿನಲ್ಲಿ ಬರಲಿಲ್ಲ.

ಚರ್ಮರೋಗದ ವಿಭಾಗದ ಮುಂದೆ ಉದ್ದ ಬೆಂಚುಗಳು. ಅಲ್ಲಿ ಎಲ್ಲರೂ ಏನಾದರೂ ಮುಚ್ಚಿಕೊಂಡೇ ಕೂತಿರುತ್ತಾರೆ: ಕೈಯನ್ನು ಸೆರಗಿನಲ್ಲಿ, ಕುತ್ತಿಗೆಯನ್ನು ಕಾಲರಿನಲ್ಲಿ. ನಾನು ಎರಡೂ ಕಡೆ ಜಾಗ ಬಿಟ್ಟು ಕೂತಿದ್ದೆ. ಬಾಗಲೂರು ಕಡೆಯಿಂದ ಬಂದಿದ್ದ ಒಬ್ಬ ತೆಲುಗಿನ ಮುದುಕಿ ಆ ಜಾಗವನ್ನೆಲ್ಲ ತುಂಬಿಸಿ ನನಗೆ ಒತ್ತಿಕೊಂಡೇ ಕೂತಳು. ತೋಳಲ್ಲಿ ಮೊಮ್ಮಗಳು, ಇನ್ನೂ ನಡೆಯಲು ಬಾರದ ಕೂಸು. ಮುದುಕಿಯ ಹೆಸರು ಕರೆದರು. ಅವಳು ಅತ್ತಿತ್ತ ನೋಡಿ, "ಕಾಸ್ತ ಪಟ್ಟುಕೋ ನಾಯನಾ" ಎಂದು ಕೂಸನ್ನು ನನ್ನ ತೊಡೆಯ ಮೇಲೆ ಇಟ್ಟು ಎದ್ದುಹೋದಳು.

ನಾನು ಸುಲಿದ ಕೈಗಳನ್ನು ಎರಡು ಕಡೆ ಎತ್ತಿ ಹಿಡಿದು ಕೂತೆ. ಮುಟ್ಟಬಾರದು ಎಂದು. ಆದರೆ ಕೂಸು ಹಿಂದಕ್ಕೆ ವಾಲಿತು, ಹಿಡಿಯಲೇಬೇಕಾಯಿತು. ಅದು ನನ್ನ ಬೆರಳನ್ನು ಹಿಡಿದು, ಹೊಪ್ಪಳೆ ಎದ್ದ ಗೆಣ್ಣನ್ನು ಬಹಳ ಗಂಭೀರವಾಗಿ ನೋಡಿತು. ಎಷ್ಟೋ ತಿಂಗಳ ಮೇಲೆ ನನ್ನ ಕೈ ಹಿಡಿದ ಮೊದಲ ಜೀವ ಅದು. ಮುದುಕಿ ಬಂದು ಕೂಸನ್ನು ಎತ್ತಿಕೊಂಡು, ನನ್ನ ಮುಖವನ್ನೂ ಸರಿಯಾಗಿ ನೋಡದೆ ಹೊರಟುಹೋದಳು. ಅವಳು ಏನು ಕೊಟ್ಟುಹೋದಳೆಂದು ಅವಳಿಗೆ ಗೊತ್ತೇ ಇಲ್ಲ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ನಾವಿಬ್ಬರೂ ಮಾತಾಡಿದ್ದು ತಮಿಳಿನಲ್ಲಿ. ಕೈ, ಬಾಯಿ, ಕಾಲಿನ ಗಾಯ ಎಲ್ಲ ನೋಡಿದರು. ಸೂಜಿಯ ತುದಿಯಿಂದ ಅಲ್ಲಲ್ಲಿ ಮುಟ್ಟಿ ಗೊತ್ತಾಗುತ್ತದೆಯೇ ಎಂದು ಕೇಳಿದರು. ಎಲ್ಲ ಕಡೆ ಗೊತ್ತಾಗುತ್ತಿತ್ತು.

"ನೀವು ಹೆದರಿರೋ ಕಾಯಿಲೆ ಇದಲ್ಲ" ಎಂದರು. ನಾನು ಯಾವುದಕ್ಕೆ ಹೆದರಿದ್ದೇನೆಂದು ನಾನು ಹೇಳಿರಲಿಲ್ಲ. "ನಿನ್ನೆ ಏನು ತಿಂದ್ರಿ?"

ಹೇಳಿದೆ.

"ಮೊನ್ನೆ?"

ಅದನ್ನೇ ಹೇಳಿದೆ, ಗ್ಯಾಸಿನ ಮಾತ್ರೆಯನ್ನೂ ಸೇರಿಸಿ.

"ರುಚಿ ಗೊತ್ತಾಗುತ್ತಾ?"

"ಇಲ್ಲಮ್ಮ. ಹೆಂಡತಿ ಹೋಗಿ ಒಂದು ವರ್ಷದ ಮೇಲಾಯ್ತು."

ಅವರು ಪೆನ್ನು ಕೆಳಗಿಟ್ಟರು. ಹೊರಗೆ ಇನ್ನೂ ಅಷ್ಟು ಜನ ಕಾಯುತ್ತಿದ್ದರೂ ಕುರ್ಚಿಯನ್ನು ನನ್ನ ಕಡೆ ಎಳೆದುಕೊಂಡರು.

"ಅದು ಬೇರೆ, ಇದು ಬೇರೆ. ಅದು ದುಃಖ. ಅದಕ್ಕೆ ನನ್ನ ಹತ್ರ ಔಷಧಿ ಇಲ್ಲ. ಇದು ಮೈಯಲ್ಲಿ ಜಿಂಕ್ ಕಮ್ಮಿಯಾಗಿರೋ ಹಾಗೆ ಕಾಣುತ್ತೆ. ರುಚಿ ಹೋಗಿರೋದೂ ಇದರಿಂದಲೇ ಇರಬಹುದು. ರಕ್ತ ಕಳಿಸೋಣ. ಅದು ಬರೋ ತನಕ ಕಾಯೋದು ಬೇಡ, ಮಾತ್ರೆ ಇವತ್ತೇ ಶುರು ಮಾಡಿ. ಆ ಗ್ಯಾಸಿನ ಮಾತ್ರೆ ನಿಲ್ಲಿಸಿ, ಅದು ಜಿಂಕ್ ಮೈಗೆ ಹತ್ತೋಕೆ ಬಿಡಲ್ಲ."

ಜಿಂಕ್ ಎಂದರೆ ಸತು. ದಿನವೆಲ್ಲ ನಾನು ಎಣಿಸುತ್ತಿದ್ದ ಬೋಲ್ಟುಗಳಿಗೆ ಬಳಿದಿರುತ್ತಿದ್ದದ್ದು ಅದೇ, ತುಕ್ಕು ಹಿಡಿಯದಿರಲೆಂದು. ಅದು ಮನುಷ್ಯನಿಗೂ ಚಿಟಿಕೆಯಷ್ಟಾದರೂ ಬೇಕು ಎಂದು ನನಗೆ ಗೊತ್ತಿರಲಿಲ್ಲ.

ಹೊರಗೆ ಬಂದಾಗ ಸಮಾಧಾನವಾಗಬೇಕಿತ್ತು. ಆದದ್ದು ಸಿಟ್ಟು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಆ ಹೆಣ್ಣುಮಗಳ ಮೇಲೆ ಸಿಟ್ಟಾಗಿ ಕೂತಿದ್ದೆ. ರತ್ನ ಹೋದಾಗ ನಾನು ಅಳಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಅವಳಿಗೆಂದು ನಾನು ಕೊಟ್ಟದ್ದು ನನ್ನ ನಾಲಿಗೆಯೊಂದನ್ನೇ ಎಂದು ಒಳಗೊಳಗೇ ನಂಬಿಕೊಂಡಿದ್ದೆ. ಈಗ ಅದು ಬರೀ ಮಾತ್ರೆಯಿಂದ ಹೋಗುವ ಕೊರತೆ ಎಂದರೆ, ನಾನು ಅವಳಿಗಾಗಿ ಏನು ಮಾಡಿದಂತಾಯಿತು?

ಮಾತ್ರೆಯನ್ನು ನುಂಗಿದೆ. ಊಟದ ಮೊದಲು ತೆಗೆದುಕೊಂಡ ದಿನ ವಾಂತಿ ಬರುವ ಹಾಗಾಗುತ್ತಿತ್ತು, ಊಟದ ಮೇಲೆ ನುಂಗುವುದನ್ನು ಕಲಿತೆ. ಚರ್ಮ ಎಷ್ಟು ಬೇಗ ಕೇಳಿತೆಂದರೆ ನನಗೇ ನಂಬಿಕೆ ಬರಲಿಲ್ಲ. ಮೊದಲ ವಾರವೇ ತುಟಿಯ ಬಿರುಕು ಒಣಗಿತು, ಕೈ ಹೊಸ ಚರ್ಮ ಬಿಟ್ಟಿತು. ರಕ್ತದ ಫಲಿತಾಂಶ ಬಂದಾಗ ಮತ್ತೆ ಕೃಷ್ಣಗಿರಿಗೆ ಹೋದೆ. ಸತು ಬಹಳ ಕೆಳಗಿತ್ತು. ಡಾಕ್ಟರು ಅಂಟುವುದಲ್ಲ ಎಂದು ಬರೆದುಕೊಟ್ಟು, ನಾನು ಹೊರಡುವಾಗ ಒಂದು ಮಾತು ಹೇಳಿದರು.

"ಕೆಲವು ತಿಂಗಳಾದ ಮೇಲೆ ಮಾತ್ರೆ ನಿಲ್ಲಿಸ್ತೀನಿ. ನೀವಾಗೇ ತಗೊಳ್ತಾ ಹೋಗಬಾರದು, ಹೆಚ್ಚಾದ್ರೂ ತೊಂದರೆ. ಆಮೇಲೆ ಊಟದಿಂದಲೇ ಬರಬೇಕು. ಬೇಯಿಸೋರು ಯಾರು?"

ಆಸ್ಪತ್ರೆಯ ಬಾಗಿಲಲ್ಲೇ ನಿಂತು ಅಕ್ಕನಿಗೆ ಫೋನು ಮಾಡಿದೆ. ಅವಳು ದಿಬ್ಬದ ಮೇಲಿರಲಿಲ್ಲ, ಸಿಗಲಿಲ್ಲ. ಹೇಳದೆಯೇ ಬಸ್ಸು ಹತ್ತಿದೆ. ಡೆಂಕಣಿಕೋಟೆ ದಾಟಿ, ಅಂಚೆಟ್ಟಿ ದಾಟಿ, ಕಾಡಿನ ತಿರುವುಗಳಲ್ಲಿ ಬಸ್ಸು ಹತ್ತಿ ಇಳಿದು ನಾಟ್ರಾಂಪಾಳ್ಯ ತಲುಪಿದಾಗ ಅಕ್ಕ ಅಂಗಳದಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ನನ್ನನ್ನು ನೋಡಿ ಏಳಲಿಲ್ಲ. ಹುಬ್ಬಿಲ್ಲದ ಮುಖವನ್ನು ನೋಡಿದಳು, ಕೈಯಲ್ಲಿದ್ದ ಕಾಯಿ ಕೆಳಗೆ ಬಿತ್ತು.

"ಇಷ್ಟು ದಿನ ಯಾಕ್ಲಾ ಫೋನ್ ಎತ್ತಲಿಲ್ಲ?"

"ಮೈ ಸರಿ ಇರ್ಲಿಲ್ಲ ಕಣಕ್ಕ."

"ಅದ್ಕೇ ತಾನೇ ಎತ್ತಬೇಕಾಗಿದ್ದು."

ರಕ್ತದಲ್ಲಿ ಸತು ಇಲ್ಲವಂತೆ ಎಂದು ಬಿಡಿಸಿ ಹೇಳಿದೆ. ಅವಳಿಗೆ ಅದು 'ಸತುವು' ಎಂದು ಕೇಳಿಸಿತು, ಶಕ್ತಿ ಎನ್ನುವ ಹಾಗೆ. "ಮೈಯಾಗೆ ಸತುವಿಲ್ಲ ಅಂತ ತಿಳ್ಕಳಕ್ಕೆ ಕೃಷ್ಣಗಿರಿ ಗಂಟ ಹೋಗಿದ್ಯಾ? ಮಖ ನೋಡಿದ್ರೇ ಗೊತ್ತಾಯ್ತದೆ" ಎಂದು ಬೈದಳು. ಎಷ್ಟೋ ದಿನಗಳ ಮೇಲೆ ನನಗೆ ನಗು ಬಂತು. ಹೊಸ ಚರ್ಮ ಎಳೆದು ತುಟಿ ನೋಯಿತು.

ರಾಗಿ ತೆನೆ ಕಟ್ಟುವ ಕಾಲ. ಆನೆಗಳು ಇಳಿಯುತ್ತವೆಂದು ಭಾವ ಕತ್ತಲಾಗುವ ಮೊದಲೇ ಹೊಲದ ಅಟ್ಟಣೆಗೆ ಹೋಗಿಬಿಡುತ್ತಿದ್ದ. ನಾನು ಅಕ್ಕನ ಅಡಿಗೆಮನೆಯಲ್ಲಿ ಮಣೆ ಹಾಕಿಕೊಂಡು ಕೂತು ಕಲಿತೆ. ಡಾಕ್ಟರು ಹೇಳಿದ್ದ ಪದಾರ್ಥಗಳೆಲ್ಲ ಅವಳ ಮನೆಯಲ್ಲಿ ಮೊದಲಿನಿಂದಲೂ ಇದ್ದವೇ: ಹುರುಳಿ, ಅವರೆ, ಕಡಲೆ, ಎಳ್ಳು, ಮೊಟ್ಟೆ, ಯಾವಾಗಲಾದರೊಮ್ಮೆ ಕೋಳಿ. ಕಾಳನ್ನು ನೆನೆಸಿ ಮೊಳಕೆ ಬರಿಸಿ ತಿಂದರೆ ಅದರೊಳಗಿನ ಸತುವನ್ನು ಮೈ ಚೆನ್ನಾಗಿ ಹೀರುತ್ತದೆ ಎಂದು ಡಾಕ್ಟರು ಹೇಳಿದ್ದರು. ಅದನ್ನು ಅಕ್ಕನಿಗೆ ಹೇಳಿದೆ. "ಆಗ್ಲಿ, ಕಟ್ಟಿಡವ" ಎಂದಳು. ನಾನೇ ಹುರುಳಿ ತೊಳೆದೆ, ನೆನೆಸಿದೆ, ಬಟ್ಟೆಯಲ್ಲಿ ಕಟ್ಟಿದೆ. ಬಿಗಿ ಮಾಡಿ ಕಟ್ಟಿದ್ದರಿಂದ ಮೊದಲ ಗಂಟು ಬೂಸಲು ಹಿಡಿದು ವಾಸನೆ ಬಂತು. "ಉಸ್ರಾಡಕ್ಕೆ ಬುಡ್ಲಾ ಅದ್ಕೆ" ಎಂದು ಅಕ್ಕ ಬಿಚ್ಚಿ ಹಸುವಿಗೆ ಹಾಕಲೂ ಹೆದರಿ ತಿಪ್ಪೆಗೆ ಸುರಿದಳು. ಎರಡನೆಯದು ಬಿಳಿ ಮೊಳಕೆ ಒಡೆಯಿತು.

ರುಚಿ ಮಾತ್ರ ಬರಲಿಲ್ಲ. ಬಾಯಲ್ಲಿ ಕಬ್ಬಿಣ ಕಚ್ಚಿದ ಹಾಗೆ ಏನೋ ಒಂದು ಇರುತ್ತಿತ್ತು, ಅಷ್ಟೇ. ನನಗೆ ಒಳಗೊಳಗೆ ಅದೇ ಸರಿ ಅನಿಸುತ್ತಿತ್ತು. ಡಾಕ್ಟರು ಚರ್ಮದ ವಿಷಯದಲ್ಲಿ ಗೆದ್ದರು, ನಾಲಿಗೆಯ ವಿಷಯದಲ್ಲಿ ಚಿಕ್ಕಪ್ಪ ಹೇಳಿದ್ದೇ ನಿಜ ಎಂದುಕೊಂಡಿದ್ದೆ.

ಒಂದು ಮಧ್ಯಾಹ್ನ ಅಕ್ಕ ಮೊಳಕೆ ಹುರುಳಿಯ ಬಸ್ಸಾರು ಮಾಡಿ ಮುದ್ದೆ ಇಟ್ಟಳು. ಮುದ್ದೆ ಮುರಿದು ಸಾರಲ್ಲಿ ಅದ್ದಿ ನುಂಗಿದೆ. ನಾಲಿಗೆಯ ಬದಿಯಲ್ಲಿ ಎಲ್ಲೋ ಸಣ್ಣಗೆ ಹುಳಿ. ಏನೆಂದು ತಿಳಿಯದೆ ಇನ್ನೊಂದು ತುತ್ತು ಅದ್ದಿದೆ. ಹುಳಿ, ಅದರ ಹಿಂದೆ ಉಪ್ಪು, ಆಮೇಲೆ ಬೆಳ್ಳುಳ್ಳಿ. ಹಳೆಯ ಪರಿಚಯದವರು ಒಬ್ಬೊಬ್ಬರಾಗಿ ಬಾಗಿಲಲ್ಲಿ ಕಾಣಿಸಿದ ಹಾಗೆ. ನಾನು ತಟ್ಟೆ ಬಿಟ್ಟು ಎದ್ದು ಹಿತ್ತಲಿಗೆ ಹೋದೆ. ಬೇಲಿಯ ಗೂಟ ಹಿಡಿದುಕೊಂಡು ಅತ್ತೆ. ಅವಳು ಸತ್ತ ದಿನ ಅಳದವನು, ಚಿತೆಗೆ ಬೆಂಕಿಯಿಟ್ಟಾಗ ಅಳದವನು, ಹುರುಳಿ ಸಾರಿನ ಹುಳಿಗೆ ಅತ್ತೆ. ನನ್ನ ಮೈ ನನ್ನನ್ನು ಕೇಳದೆಯೇ ಬದುಕಲು ತೀರ್ಮಾನ ಮಾಡಿಬಿಟ್ಟಿತ್ತು. ಅವಳನ್ನು ಹಿಂದೆ ಬಿಟ್ಟು.

ಅಕ್ಕ ಹಿತ್ತಲ ಬಾಗಿಲಿಗೆ ಬಂದಳು.

"ಖಾರ ಆಯ್ತೇನ್ಲಾ?"

"ಹೂಂ ಕಣಕ್ಕ. ಸ್ವಲ್ಪ."

"ತಡಿ, ಮಜ್ಜಿಗೆ ತತ್ತೀನಿ" ಎಂದು ಒಳಗೆ ಹೋದಳು. ಹೇಳಿದ್ದರೆ ಅವಳಿಗೆ ಅರ್ಥವಾಗುತ್ತಿತ್ತೋ ಏನೋ. ಮಜ್ಜಿಗೆ ಕುಡಿದೆ. ಅದೂ ಹುಳಿಯಾಗಿತ್ತು.

ಜೂಜುವಾಡಿಗೆ ವಾಪಸಾದ ಮೇಲೆ ಕೆಲಸಕ್ಕೆ ಸೇರಿಸಿಕೊಂಡರು. ಡಾಕ್ಟರು ಬರೆದದ್ದನ್ನು ಸೂಪರ್‌ವೈಸರ್ ನೋಡಿ, ಮಡಿಸಿ ವಾಪಸು ಕೊಟ್ಟರು. ಸೆಲ್ವಂ ಕೆಲವು ದಿನ ಕಾಗದದ ಕಪ್ಪಿನಲ್ಲೇ ಟೀ ತಂದ. ಒಂದು ದಿನ ಗಾಜಿನ ಲೋಟ ತಂದು ನನ್ನ ಮುಂದೆ ಇಟ್ಟು, "ಕಪ್ಪು ಖಾಲಿ ಆಯ್ತಂತೆ ಅಣ್ಣ" ಎಂದ. ಅಂಗಡಿಯ ಮುಂದೆ ಕಪ್ಪುಗಳ ಗೋಪುರವೇ ಇತ್ತು. ನಾನೂ "ಹೌದಾ" ಎಂದೆ. ಈಗ ಮಧ್ಯಾಹ್ನ ಅವನ ಜೊತೆ ಕ್ಯಾಂಟೀನಿನಲ್ಲಿ ಕೂರುತ್ತೇನೆ. ಅವನ ಹೆಂಡತಿ ಕಳಿಸುವ ಮೊಟ್ಟೆ ಪಲ್ಯದಲ್ಲಿ ನನಗೊಂದು ಪಾಲು.

ವಾಸಿಯಾದರೆ ಒಂಟಿತನವೂ ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ರುಚಿ ಇಲ್ಲದಿದ್ದಾಗ ಸಂಜೆಗಳು ಒಂದೇ ಬೂದು ಬಣ್ಣದವು, ಒಂದನ್ನು ಇನ್ನೊಂದರಿಂದ ಬಿಡಿಸಲು ಆಗುತ್ತಿರಲಿಲ್ಲ. ಈಗ ಪ್ರತಿಯೊಂದೂ ಬೇರೆ ಬೇರೆಯಾಗಿ ಗೊತ್ತಾಗುತ್ತದೆ. ಪಕ್ಕದ ಮನೆಯಲ್ಲಿ ಒಗ್ಗರಣೆ ಹಾಕಿದರೆ ಮೂಗಿಗೆ ಬಂದು ಎದೆಯಲ್ಲಿ ನಿಲ್ಲುತ್ತದೆ. ಡಾಕ್ಟರು ಹೇಳಿದ್ದು ಸರಿ. ಅದು ಬೇರೆ, ಇದು ಬೇರೆ. ಇದು ಹೋದ ಮೇಲೆ ಅದು ಎಷ್ಟು ದೊಡ್ಡದಿತ್ತೆಂದು ಕಂಡಿತು. ಆದರೂ ಹೇಳುತ್ತೇನೆ, ಕಾಣುವುದೇ ಮೇಲು. ಕಂಡ ದುಃಖದ ಜೊತೆ ಹೇಗೋ ಕೂತು ಉಣ್ಣಬಹುದು.

ಮಾತ್ರೆ ನಿಂತಿದೆ. ಹುಬ್ಬು ಬಂದಿದೆ, ಎಡಗಡೆಯದು ಸ್ವಲ್ಪ ತೆಳು. ಮನೆಯಲ್ಲಿ ಯಾವಾಗಲೂ ಒಂದು ಗಂಟು ಕಾಳು ಮೊಳೆಯುತ್ತಿರುತ್ತದೆ. ಸೋಮಾರಿತನ ಬಂದ ದಿನವೂ ಒಂದು ಮೊಟ್ಟೆ ಬೇಯಿಸಿಕೊಳ್ಳುತ್ತೇನೆ. ಅಕ್ಕನ ಫೋನು ಮೊದಲ ರಿಂಗಿಗೇ ಎತ್ತುತ್ತೇನೆ.

ಕಳೆದ ಭಾನುವಾರ ರತ್ನ ಮಾಡುತ್ತಿದ್ದ ಅವರೆಕಾಳಿನ ಸಾರು ಮಾಡಬೇಕೆನಿಸಿತು. ಅವಳು ತೆಂಗಿನಕಾಯಿ ಹುರಿಯುತ್ತಿದ್ದಳೋ, ಹಸಿಯಾಗಿ ರುಬ್ಬುತ್ತಿದ್ದಳೋ? ಚಕ್ಕೆ ಹಾಕುತ್ತಿದ್ದಳೋ ಇಲ್ಲವೋ? ಅಷ್ಟು ವರ್ಷ ತಟ್ಟೆಯ ಮುಂದೆ ಕೂತಿದ್ದೆ, ಒಲೆಯ ಕಡೆ ನೋಡಿರಲಿಲ್ಲ. ತೋಚಿದಂತೆ ಮಾಡಿದೆ. ಬಡಿಸಿಕೊಂಡು ಕೂತು, ಕಣ್ಣು ಮುಚ್ಚಿ ಒಂದು ತುತ್ತು ಇಟ್ಟೆ. ಅವಳದಾಗಿರಲಿಲ್ಲ. ಅವಳದು ಹೇಗಿತ್ತೆಂದು ನೆನಪು ಮಾಡಿಕೊಳ್ಳಲು ನೋಡಿದೆ. ಆಗಲಿಲ್ಲ. ನಾಲಿಗೆಗೆ ಎಲ್ಲವೂ ಬಂದಿತ್ತು, ಅದೊಂದು ಬಂದಿರಲಿಲ್ಲ.

ಸಾರು ಆರುತ್ತಿತ್ತು. ಆಮೇಲೆ ಇನ್ನೊಂದು ತುತ್ತು ತಿಂದೆ. ಧನಿಯ ಸ್ವಲ್ಪ ಮುಂದಾಗಿತ್ತು, ಕಾಳು ಹದವಾಗಿ ಬೆಂದಿತ್ತು. ಚೆನ್ನಾಗಿತ್ತು. ಪಾತ್ರೆಯನ್ನು ಹತ್ತಿರಕ್ಕೆ ಎಳೆದು ಎರಡನೇ ಸಲ ಬಡಿಸಿಕೊಂಡೆ.